ಹವಳದ ದಿಬ್ಬಗಳೂ ಉಪಗ್ರಹಗಳ ಸಾಕ್ಷ್ಯವೂ

ಹವಳವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಕರಿಮಣಿಸರದ ನಡುವೆ ಪೋಣಿಸಿದ ಕೆಂಪು ಮಣಿ. ಇಲ್ಲವೆ ನವರತ್ನಗಳ ಪಟ್ಟಿಯಲ್ಲಿ ಮುತ್ತಿನ ಜೊತೆಗೆ ಬರುವ ಹೆಸರು. ಸಂಸ್ಕೃತದಲ್ಲಿ ಪ್ರವಾಳವೆಂದೂ ವಿದ್ರುಮವೆಂದೂ ಕರೆಯಿಸಿಕೊಳ್ಳುವ ಈ ಕೆಂಪು ವಸ್ತು ಪ್ರಾಚೀನ ಕಾಲದಲ್ಲಿ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದಿಂದ ನಮ್ಮಲ್ಲಿಗೆ ಬರುತ್ತಿದ್ದ ಸರಕು. ಕ್ರಿಸ್ತಶಕ ಮೊದಲನೆಯ ಶತಮಾನದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ಗ್ರೀಕ್ ವರ್ತಕಗ್ರಂಥವು ಪಶ್ಚಿಮದಿಂದ ಭರುಕಚ್ಛಕ್ಕೆ ಬರುತ್ತಿದ್ದ ಸರಕುಗಳಲ್ಲಿ ಹವಳವನ್ನು ಹೆಸರಿಸುತ್ತದೆ. ಅದೇ ಗ್ರಂಥದಲ್ಲಿ 'ಕಲ್ಲಿಯೇನಾ' ಎಂಬ ಪಟ್ಟಣದ ಮಾತೂ ಬರುತ್ತದೆ. ಅದು ಬಸವಣ್ಣನವರ ಕಲ್ಯಾಣವಲ್ಲ. ಉಲ್ಹಾಸ್ ನದಿಯ ದಡದಲ್ಲಿ ನಮ್ಮಲ್ಲಿ ಅನೇಕರು ಮನೆ ಮಾಡಿಕೊಂಡಿರುವ ಈ ಕಲ್ಯಾಣವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಪ್ರಕೃತ ಲೇಖನದ ವಿಷಯವು ಆಭರಣದ ಹವಳವಲ್ಲ. ಸಮುದ್ರದ ನಡುವೆ ದಿಬ್ಬಗಳನ್ನೂ ದ್ವೀಪಗಳನ್ನೂ ಕಟ್ಟುವ ಬೇರೆ ಜಾತಿಯ ಹವಳವೊಂದುಂಟು. ಅದು ಈಗ ಅಪಾಯದಲ್ಲಿದೆಯೆಂದೂ, ಅದರ ಆರೋಗ್ಯವನ್ನು ಕೃತಕ ಉಪಗ್ರಹಗಳ ಮೂಲಕ ಗಮನಿಸಲಾಗುತ್ತಿದೆಯೆಂದೂ ಪತ್ರಿಕೆಗಳಲ್ಲಿ ಓದುತ್ತಿರುತ್ತೇವೆ. ನೂರಾರು ಕಿಲೋಮೀಟರು ಎತ್ತರದಲ್ಲಿ ಸುತ್ತುವ ಒಂದು ಯಂತ್ರವು ನೀರಿನೊಳಗಣ ಪ್ರಾಣಿಯೊಂದರ ಕ್ಷೇಮವನ್ನು ತಿಳಿಯುವುದೆಂತು? ಅದು ನಿಜವಾಗಿ ಏನನ್ನು ಕಾಣುತ್ತದೆ, ಏನನ್ನು ಕಾಣಲಾರದು? ಇವನ್ನು ಸಾಮಾನ್ಯ ವಾಚಕರಿಗೆ ತಿಳಿಯುವಂತೆ ವಿವರಿಸುವುದೂ, ನಮ್ಮ ಕನ್ನಡ ಕರಾವಳಿಗೆ ಇದರಿಂದ ಒದಗುವ ಕರ್ತವ್ಯವನ್ನು ಸೂಚಿಸುವುದೂ ಇಲ್ಲಿಯ ಉದ್ದೇಶ.

ಹವಳದ ಜೀವಿ

ದಿಬ್ಬ ಕಟ್ಟುವ ಹವಳವು ಗಿಡವಲ್ಲ, ಕಲ್ಲೂ ಅಲ್ಲ, ಅದೊಂದು ಪ್ರಾಣಿ. ಬಹುಪಾಲು ಜಾತಿಗಳಲ್ಲಿ ಒಂದೊಂದು ಜೀವಿಯ ಅಗಲವು ಕೆಲವೇ ಮಿಲಿಮೀಟರುಗಳಷ್ಟು. ಮೃದುವಾದ ಒಡಲು, ಒಂದು ಬಾಯಿ, ಬಾಯಿಯ ಸುತ್ತ ಎಳೆಗಳಂಥ ಕೈಗಳು. ಇಂಥ ಸಾವಿರಾರು ಜೀವಿಗಳು ಒಂದಕ್ಕೊಂದು ಅಂಟಿಕೊಂಡು, ಸಮುದ್ರದ ನೀರಿನಿಂದ ಸುಣ್ಣದ ಅಂಶವನ್ನು ಸೆಳೆದು, ತಮ್ಮ ಕೆಳಗೆ ಸುಣ್ಣದ ಬಟ್ಟಲುಗಳನ್ನು ಕಟ್ಟಿಕೊಳ್ಳುತ್ತವೆ. ಹಳೆಯವು ಅಳಿದ ಮೇಲೆ ಅವುಗಳ ಬಟ್ಟಲಿನ ಮೇಲೆ ಹೊಸವು ಕಟ್ಟುತ್ತವೆ. ಹೀಗೆ ಸಾವಿರಾರು ವರ್ಷಗಳಲ್ಲಿ ಬೆಳೆದುದೇ ಹವಳದ ದಿಬ್ಬ.

ಈ ಪ್ರಾಣಿಗೆ ಒಬ್ಬ ಜೊತೆಗಾರನುಂಟು. ಅದರ ಒಡಲಿನೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ಬಗೆಯ ಪಾಚಿ ವಾಸಿಸುತ್ತದೆ. ಪಾಚಿಯು ಬಿಸಿಲಿನ ಬಲದಿಂದ ಆಹಾರವನ್ನು ತಯಾರಿಸಿ ತನಗೆ ಆಶ್ರಯಕೊಟ್ಟ ಹವಳಕ್ಕೆ ಹಂಚುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನವರೆಗೂ ಈ ಮೂಲದಿಂದ ಬರಬಹುದು. ಸಜೀವ ಹವಳದ ಕಂದು, ಹಳದಿ, ಹಸುರು ಛಾಯೆಗಳು ಬಹುಮಟ್ಟಿಗೆ ಈ ಪಾಚಿಯವೇ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಉಪಗ್ರಹದ ಸಾಮರ್ಥ್ಯವೂ ಅಸಾಮರ್ಥ್ಯವೂ ಇದನ್ನೇ ಅವಲಂಬಿಸಿವೆ.

ಪಾಚಿಗೆ ಬಿಸಿಲು ಬೇಕಾದುದರಿಂದ ದಿಬ್ಬ ಕಟ್ಟುವ ಹವಳಕ್ಕೆ ತಿಳಿಯಾದ, ಆಳವಿಲ್ಲದ, ಬೆಚ್ಚಗಿನ ಉಪ್ಪುನೀರು ಬೇಕು. ಠಾಣೆಯ ಖಾಡಿಯಲ್ಲಿ ಹವಳದ ದಿಬ್ಬಗಳು ಏಕಿಲ್ಲವೆಂಬುದಕ್ಕೆ ಉತ್ತರವೂ ಇದೇ. ಐರೋಲಿಯ ಅಥವಾ ವಾಶಿಯ ಸೇತುವೆಯ ಮೇಲೆ ಹೋಗುವಾಗ ಕೆಳಗೆ ಕಾಣುವ ನೀರು ಬಗ್ಗಡವಾದುದು. ಮಳೆಗಾಲದಲ್ಲಿ ಅದಕ್ಕೆ ಸಿಹಿನೀರೂ ಮಣ್ಣೂ ಧಾರಾಳವಾಗಿ ಬಂದು ಸೇರುತ್ತವೆ. ಅದು ಕಾಂಡ್ಲಾ ಗಿಡಗಳಿಗೂ, ಕೆಸರುಬಯಲಿಗೂ, ಅದನ್ನು ನಂಬಿ ಬರುವ ರಾಜಹಂಸಗಳಿಗೂ ಒಗ್ಗುವ ನೀರು. ಹವಳದ ದಿಬ್ಬಕ್ಕೆ ಒಗ್ಗುವುದಲ್ಲ. ಆದರೂ ಮುಂಬಯಿಯ ಕಲ್ಲುದಡದಲ್ಲಿ ಮಬ್ಬುನೀರನ್ನು ತಾಳಿಕೊಳ್ಳಬಲ್ಲ ಕೆಲವು ಚಿಕ್ಕ ಹವಳಗಳಿವೆ. ಕರಾವಳಿ ರಸ್ತೆಯ ಕಾಮಗಾರಿಗಾಗಿ 2020ರಲ್ಲಿ ವರಳಿ ಮತ್ತು ಹಾಜಿ ಅಲಿಯ ಬಳಿಯಿಂದ ಇಂಥ 18 ಹವಳದ ಗುಂಪುಗಳನ್ನು ಬಿಡಿಸಿ ಬೇರೆಡೆ ನೆಲೆಗೊಳಿಸಿದರು. ಅವುಗಳನ್ನು ಕಂಡುದು ಯಾವ ಉಪಗ್ರಹವೂ ಅಲ್ಲ. ನೀರು ಇಳಿದಾಗ ಬಂಡೆಗಳ ನಡುವೆ ಬಗ್ಗಿ ನೋಡಿದ ಮನುಷ್ಯರ ಕಣ್ಣು.

ಅರಬ್ಬೀ ಸಮುದ್ರದ ದ್ವೀಪಗಳು

ನಮ್ಮ ಪಶ್ಚಿಮ ಸಮುದ್ರದಲ್ಲಿ ಹವಳದ ಕಟ್ಟಡವನ್ನು ಅದರ ಪೂರ್ಣರೂಪದಲ್ಲಿ ನೋಡಬೇಕಾದರೆ ಲಕ್ಷದ್ವೀಪಕ್ಕೆ ಹೋಗಬೇಕು. ಅಲ್ಲಿಯ ದ್ವೀಪಗಳು ಹೆಚ್ಚಾಗಿ ಉಂಗುರದಾಕಾರದ ದಿಬ್ಬಗಳ ಅಂಚಿನಲ್ಲಿ ಮರಳು ನಿಂತು ಆದುವು. ಉಂಗುರದ ನಡುವೆ ಆಳವಿಲ್ಲದ ಕೊಳವಿರುತ್ತದೆ. ಕೆಳಗಿನ ಬೆಟ್ಟವು ಮೆಲ್ಲಮೆಲ್ಲನೆ ಕುಸಿಯುತ್ತಿರಲು ಹವಳವು ಬೆಳಕನ್ನರಸಿ ಮೇಲಕ್ಕೆ ಕಟ್ಟುತ್ತ ಬಂದುದರಿಂದ ಇಂಥ ಉಂಗುರಗಳು ಉಂಟಾದುವೆಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿಯೇ ಪ್ರತಿಪಾದಿಸಿದನು. 36 ದ್ವೀಪಗಳಲ್ಲಿ ಜನವಸತಿಯಿರುವುವು 10. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರು ಮಾತ್ರ. ಈ ನೆಲಕ್ಕೆ ಅಲೆಯ ಹೊಡೆತದಿಂದ ರಕ್ಷಣೆಯೂ ಹವಳದಿಂದಲೇ, ಹೊಸ ಮರಳೂ ಹವಳದಿಂದಲೇ. ಕಟ್ಟುವ ಜೀವಿ ನಿಂತುಹೋದರೆ ಸವೆತವೊಂದೇ ಉಳಿಯುತ್ತದೆ.

ಈ ದ್ವೀಪಗಳು ಕನ್ನಡಿಗರಿಗೆ ದೂರದವಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೇತ್ಲಾತ್, ಬಿತ್ರಾ ಎಂಬ ಅಮೀನದೀವಿ ಗುಂಪಿನ ದ್ವೀಪಗಳು 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಅವುಗಳ ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಅಲ್ಲಿಯ ತೆಂಗಿನ ನಾರೂ ಕೊಬ್ಬರಿಯೂ ಹಾಯಿಹಡಗುಗಳಲ್ಲಿ ಮಂಗಳೂರು ಬಂದರಿಗೆ ಬರುತ್ತಿದ್ದುವು. ಕಡಮತ್ ದ್ವೀಪದ ಹೆಸರು ಈ ಲೇಖನದಲ್ಲಿ ಮತ್ತೊಮ್ಮೆ ಬರಲಿದೆ.

ಹವಳದ ರೋಗಗಳಲ್ಲಿ ಈಗ ಅತ್ಯಂತ ಭಯಂಕರವಾದುದು ಬಿಳಿಚುವಿಕೆ. ಹವಳವು ತಾನು ತಾಳಬಲ್ಲ ಬಿಸಿಯ ಮೇಲಂಚಿನಲ್ಲಿಯೇ ಬದುಕುವ ಪ್ರಾಣಿ. ಆ ಸ್ಥಳದ ಬೇಸಗೆಯ ರೂಢಿಯ ಬಿಸಿಗಿಂತ ಕೇವಲ ಒಂದು ಡಿಗ್ರಿ ಹೆಚ್ಚಾಗಿ, ಅದು ಕೆಲವು ವಾರ ಹಾಗೆಯೇ ನಿಂತರೆ, ಒಡಲಿನೊಳಗಣ ಪಾಚಿಯ ಕ್ರಿಯೆ ಕೆಡುತ್ತದೆ. ಹವಳವು ಪಾಚಿಯನ್ನು ಹೊರಹಾಕುತ್ತದೆ. ಆಗ ಪಾರದರ್ಶಕವಾದ ಒಡಲಿನ ಮೂಲಕ ಒಳಗಿನ ಸುಣ್ಣ ಬೆಳ್ಳಗೆ ಕಾಣುತ್ತದೆ. ಬಿಳಿಚಿದ ಹವಳ ಸತ್ತ ಹವಳವಲ್ಲ, ಹಸಿದ ಹವಳ. ನೀರು ಬೇಗನೆ ತಣಿದರೆ ಪಾಚಿ ಮರಳಿ ಬರಬಹುದು. ತಣಿಯದಿದ್ದರೆ ಕೆಲವೇ ವಾರಗಳಲ್ಲಿ ಸಾವು ನಿಶ್ಚಯ. 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ದಿಬ್ಬಗಳು ಹೀಗೆ ಬಿಳಿಚಿದುವು.

ಬಣ್ಣದ ಸಾಕ್ಷ್ಯ

ಉಪಗ್ರಹಗಳು ಹವಳದ ವಿಷಯದಲ್ಲಿ ಎರಡು ಬಗೆಯ ಸಾಕ್ಷ್ಯವನ್ನು ಒದಗಿಸುತ್ತವೆ: ಒಂದು ಬಣ್ಣದ್ದು, ಇನ್ನೊಂದು ಬಿಸಿಯದು.

ಮೊದಲು ಬಣ್ಣದ ವಿಷಯ. ಬಿಸಿಲು ನೀರನ್ನು ಹೊಕ್ಕು, ತಳವನ್ನು ಮುಟ್ಟಿ, ಮರಳಿ ಮೇಲೆ ಬಂದು ಉಪಗ್ರಹದ ಕಣ್ಣನ್ನು ಸೇರಬೇಕು. ಈ ಪ್ರಯಾಣದಲ್ಲಿ ಎಲ್ಲ ಬಣ್ಣಗಳಿಗೂ ಒಂದೇ ಗತಿಯಿಲ್ಲ. ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ನೀರು ಮೇಲ್ಪದರದಲ್ಲಿಯೇ ನುಂಗಿಬಿಡುತ್ತದೆ. ಕೆಂಪು ಕೆಲವು ಮೀಟರುಗಳಲ್ಲಿ ಅಡಗುತ್ತದೆ. ನೀಲಿಯೂ ಹಸುರೂ ಮಾತ್ರ ಆಳಕ್ಕೆ ಹೋಗಿ ಬರಬಲ್ಲವು. ಆದುದರಿಂದ ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಉಪಗ್ರಹವು ತಳವನ್ನು ಕಾಣುವುದು 20-30 ಮೀಟರಿನ ಆಳದವರೆಗೆ ಮಾತ್ರ. ಬಗ್ಗಡದ ನೀರಿನಲ್ಲಿ ಅಷ್ಟೂ ಇಲ್ಲ. ಇದಲ್ಲದೆ ಸಮುದ್ರದ ಮೇಲಿನಿಂದ ಉಪಗ್ರಹಕ್ಕೆ ಮುಟ್ಟುವ ಬೆಳಕಿನಲ್ಲಿ ಬಹುಪಾಲು ನೀರಿನೊಳಗಿನಿಂದ ಬಂದುದಲ್ಲ, ನಡುವಣ ವಾಯುಮಂಡಲವು ಚದುರಿಸಿದುದು. ಅದನ್ನೂ, ಅಲೆಗಳ ಮೇಲಣ ಬಿಸಿಲಿನ ಹೊಳಪನ್ನೂ, ಆಳದಿಂದಾಗುವ ಮಾರ್ಪಾಟನ್ನೂ ಗಣಿತದಿಂದ ಕಳೆದ ಮೇಲೆ ಉಳಿಯುವ ಅಲ್ಪಾಂಶವೇ ತಳದ ಸುದ್ದಿ.

ಇಷ್ಟು ಅಡಚಣೆಗಳಿದ್ದರೂ ಸಾಧಿಸಿದುದು ಅಲ್ಪವಲ್ಲ. 1972ರಲ್ಲಿ ಅಮೆರಿಕೆಯ ಮೊದಲನೆಯ ಲ್ಯಾಂಡ್‌ಸ್ಯಾಟ್ ಹಾರಿತು. 1988ರ ಮಾರ್ಚ್ 17ರಂದು ನಮ್ಮ ದೇಶದ ಐಆರ್‌ಎಸ್ ಸರಣಿಯ ಮೊದಲನೆಯ ದೂರಸಂವೇದಿ ಉಪಗ್ರಹವಾದ ಐಆರ್‌ಎಸ್-1ಎ ಕಕ್ಷೆಯನ್ನು ಸೇರಿತು. ಆಗ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು. ಅದರ ಉತ್ತಮ ಚಿತ್ರದಲ್ಲಿ ಒಂದು ಚುಕ್ಕೆ ನೆಲದ ಮೇಲೆ 36 ಮೀಟರಿನಷ್ಟು ಚೌಕವನ್ನು ತೋರಿಸುತ್ತಿತ್ತು. ಇಂಥ ಚಿತ್ರಗಳ ಆಧಾರದಿಂದ ಅಹಮದಾಬಾದಿನ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರ್ ಸಿದ್ಧಪಡಿಸಿ 1997ರಲ್ಲಿ ಪ್ರಕಟವಾದ ನಕ್ಷೆಗಳಿಂದ ಭಾರತದ ಹವಳದ ದಿಬ್ಬಗಳ ವಿಸ್ತಾರವು ಸುಮಾರು 2,375 ಚದರ ಕಿಲೋಮೀಟರು ಎಂದು ತಿಳಿದುಬಂದಿತು. 2015ರಿಂದ ಹಾರುತ್ತಿರುವ ಐರೋಪ್ಯ ಸೆಂಟಿನೆಲ್-2 ಉಪಗ್ರಹಗಳ ಚುಕ್ಕೆ 10 ಮೀಟರಿನದು. 2021ರಲ್ಲಿ ಪೂರ್ಣಗೊಂಡ ಅಲೆನ್ ಕೋರಲ್ ಅಟ್ಲಾಸ್ ಎಂಬ ನಕ್ಷಾಸಂಗ್ರಹವು ಜಗತ್ತಿನ ಆಳವಿಲ್ಲದ ದಿಬ್ಬಗಳನ್ನೆಲ್ಲ ಸುಮಾರು 5 ಮೀಟರಿನ ಸೂಕ್ಷ್ಮತೆಯಲ್ಲಿ ತೋರಿಸುತ್ತದೆ.

ಆದರೆ ದಿಬ್ಬ ಎಲ್ಲಿದೆ, ಎಷ್ಟಿದೆ ಎಂಬುದು ಒಂದು ಪ್ರಶ್ನೆ; ಅದು ಬದುಕಿದೆಯೆ ಎಂಬುದು ಬೇರೊಂದು ಪ್ರಶ್ನೆ. ಎರಡನೆಯದಕ್ಕೆ ಬಣ್ಣದ ಸಾಕ್ಷ್ಯವು ಬಹಳ ಸಲ ಮೋಸಮಾಡುತ್ತದೆ. ಬಿಳಿಚಿದ ಹವಳವು ಮೇಲಿನಿಂದ ನೋಡಿದರೆ ಬಿಳಿಯ ಮರಳಿನಂತೆಯೇ ಕಾಣುತ್ತದೆ. ಸತ್ತ ಹವಳದ ಮೇಲೆ ಬೇಗನೆ ಬೇರೆ ಜಾತಿಯ ಪಾಚಿ ಹಬ್ಬುತ್ತದೆ. ಅದರ ಬಣ್ಣವೂ ಕಂದು-ಹಸುರು. ಸಜೀವ ಹವಳದ ಬಣ್ಣವೂ ಒಳಗಣ ಪಾಚಿಯದೇ ಎಂದು ಮೇಲೆ ಹೇಳಿದೆಯಷ್ಟೆ. ಹೀಗೆ ಬದುಕಿದ್ದಾಗಿನ ಬಣ್ಣಕ್ಕೂ ಸತ್ತ ಮೇಲಿನ ಬಣ್ಣಕ್ಕೂ ಎತ್ತರದಿಂದ ನೋಡುವವನಿಗೆ ಹೆಚ್ಚು ಅಂತರವಿಲ್ಲ. ನಡುವಣ ಕೆಲವು ವಾರಗಳ ಬಿಳುಪನ್ನು ಮೋಡವಿಲ್ಲದ ದಿನದಲ್ಲಿ, ಹಿಂದಿನ ಚಿತ್ರದೊಡನೆ ಹೋಲಿಸಿ ಹಿಡಿದರೆ ಹಿಡಿದಂತೆ. ತಪ್ಪಿದರೆ ಸ್ಮಶಾನವೇ ತೋಟವಾಗಿ ತೋರಬಹುದು.

ಬಿಸಿಯ ಸಾಕ್ಷ್ಯ

ಇದರಿಂದಲೇ ಶಾಸ್ತ್ರಜ್ಞರು ಹವಳವನ್ನು ನೋಡುವ ಬದಲು ಹವಳಕ್ಕೆ ತಗಲುವ ಬಿಸಿಯನ್ನು ಅಳೆಯುವ ಮಾರ್ಗವನ್ನು ಹಿಡಿದರು. ಪ್ರತಿಯೊಂದು ವಸ್ತುವೂ ತನ್ನ ಬಿಸಿಗೆ ತಕ್ಕಂತೆ ಅವಗೆಂಪು ಕಿರಣವನ್ನು ಸೂಸುತ್ತದೆ. ಸಮುದ್ರದ ಮೈ ಸೂಸುವ ಕಿರಣವನ್ನು ಅಳೆದು ಉಪಗ್ರಹವು ನೀರಿನ ಉಷ್ಣತೆಯನ್ನು ತಿಳಿಸುತ್ತದೆ. ಅಮೆರಿಕೆಯ ಸಮುದ್ರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ ಇದರ ಆಧಾರದಿಂದ ಒಂದು ಲೆಕ್ಕವನ್ನು ರೂಢಿಗೆ ತಂದಿತು. ಅದನ್ನು 'ಡಿಗ್ರಿ-ವಾರ'ಗಳ ಲೆಕ್ಕವೆಂದು ಕರೆಯಬಹುದು.

ಒಂದು ಸ್ಥಳದಲ್ಲಿ ವರ್ಷದ ಅತ್ಯಂತ ಬಿಸಿಯಾದ ತಿಂಗಳಿನ ರೂಢಿಯ ಸರಾಸರಿ 29.5 ಡಿಗ್ರಿ ಎಂದಿಟ್ಟುಕೊಳ್ಳೋಣ. ಒಂದು ವರ್ಷ ಅಲ್ಲಿ ನೀರು ಎರಡು ವಾರ 30.5 ಡಿಗ್ರಿಯಲ್ಲಿ ನಿಂತರೆ, ವಾರಕ್ಕೆ ಒಂದು ಡಿಗ್ರಿಯಂತೆ ಎರಡು ಡಿಗ್ರಿ-ವಾರಗಳಾದುವು. ಮುಂದಿನ ವಾರ 31.5ಕ್ಕೆ ಏರಿದರೆ ಮತ್ತೆ ಎರಡು, ಒಟ್ಟು ನಾಲ್ಕು. ಒಂದು ಡಿಗ್ರಿಗಿಂತ ಕಡಮೆಯ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದಿನ 12 ವಾರಗಳ ಮೊತ್ತವನ್ನು ಮಾತ್ರ ಕೂಡಿಸುತ್ತಾರೆ. ಅದಕ್ಕೂ ಹಿಂದಿನದು ಬಿಟ್ಟುಹೋಗುತ್ತದೆ. ಬ್ಯಾಂಕಿನ ಸಾಲಗಾರನ ಬಾಕಿ ಕಂತುಗಳಂತೆ, ಒಂದೊಂದು ವಾರದ ಬಿಸಿಯೂ ಹವಳದ ಖಾತೆಯಲ್ಲಿ ಏರುತ್ತ ಹೋಗುತ್ತದೆ. ಮೊತ್ತವು ನಾಲ್ಕನ್ನು ಮುಟ್ಟಿದರೆ ಗಣನೀಯವಾದ ಬಿಳಿಚುವಿಕೆಯನ್ನೂ, ಎಂಟನ್ನು ಮುಟ್ಟಿದರೆ ತೀವ್ರವಾದ ಬಿಳಿಚುವಿಕೆಯನ್ನೂ ಸಾವನ್ನೂ ನಿರೀಕ್ಷಿಸಬೇಕೆಂದು ಅನುಭವದಿಂದ ನಿರ್ಧರಿಸಿದ್ದಾರೆ.

ಈ ಲೆಕ್ಕದ ದೊಡ್ಡ ಗುಣವೆಂದರೆ ಅದು ಮುನ್ನೆಚ್ಚರಿಕೆ ಕೊಡುತ್ತದೆ. ಹವಳ ಬಿಳಿಚುವ ಮೊದಲೇ ಬಿಸಿ ಏರುತ್ತಿರುವುದು ತಿಳಿಯುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು 2011ರಿಂದ ಭಾರತದ ಮುಖ್ಯ ದಿಬ್ಬಗಳಾದ ಅಂಡಮಾನ್, ನಿಕೋಬಾರ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿ ಮತ್ತು ಕಚ್ ಕೊಲ್ಲಿಗಳಿಗೆ ಇಂಥ ಎಚ್ಚರಿಕೆಗಳನ್ನು ಪ್ರಕಟಿಸುತ್ತ ಬಂದಿದೆ. 2023ರ ಕೊನೆಯ ತಿಂಗಳುಗಳಿಂದ ಲಕ್ಷದ್ವೀಪದ ಸುತ್ತ ಸಮುದ್ರವು ರೂಢಿಮೀರಿ ಬಿಸಿಯಾಗಿ, ಡಿಗ್ರಿ-ವಾರಗಳ ಮೊತ್ತವು ನಾಲ್ಕನ್ನು ದಾಟಿತು. 2024ರ ಮೇ ತಿಂಗಳಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆಯವರು ಅಲ್ಲಿ ವ್ಯಾಪಕವಾದ ಬಿಳಿಚುವಿಕೆಯನ್ನು ಕಂಡು ಪ್ರಕಟಿಸಿದರು. ಅದೇ ವರ್ಷದ ಏಪ್ರಿಲ್ 15ರಂದು, ಜಗತ್ತಿನ ಹವಳಗಳ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆ ನಡೆಯುತ್ತಿದೆಯೆಂದು ನೋವಾ ಸಾರಿತ್ತು.

ಆದರೂ ಈ ಸಾಕ್ಷ್ಯಕ್ಕೂ ಮಿತಿಗಳಿವೆ. ಅವಗೆಂಪು ಕಿರಣದಿಂದ ಅಳೆಯುವುದು ಸಮುದ್ರದ ತೊಗಲನ್ನು ಮಾತ್ರ. ಹತ್ತು ಮೀಟರು ಕೆಳಗಿನ ಹವಳದ ಬಳಿಯ ನೀರನ್ನಲ್ಲ. ಮೋಡವು ಕಿರಣವನ್ನು ತಡೆಯುತ್ತದೆ. ನೋವಾದ ಲೆಕ್ಕದಲ್ಲಿ ಒಂದು ಚೌಕದ ಅಗಲ ಸುಮಾರು 5 ಕಿಲೋಮೀಟರು. ಆ ಚೌಕದೊಳಗಣ ನೆರಳು, ಒಳಹರಿವು, ಆಳದ ಭೇದಗಳು ಒಂದೇ ಸಂಖ್ಯೆಯಲ್ಲಿ ಕರಗಿಹೋಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಇದು ರೋಗದ ಕಾರಣವನ್ನು ಅಳೆಯುತ್ತದೆಯೇ ಹೊರತು ರೋಗಿಯನ್ನು ನೋಡುವುದಿಲ್ಲ.

ಮುಳುಗುಗಾರನ ದಾಖಲೆ

ರೋಗಿಯನ್ನು ನೋಡಿದವರ ದಾಖಲೆ ಏನನ್ನು ಹೇಳುತ್ತದೆ? ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಂಬ ಸಂಸ್ಥೆಯ ಸಂಶೋಧಕರು 1998ರಿಂದ ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ದಿಬ್ಬಗಳಿಗೆ ಮತ್ತೆ ಮತ್ತೆ ಮುಳುಗಿ, ತಳದಲ್ಲಿ ಸಜೀವ ಹವಳ ಎಷ್ಟು ಪಾಲನ್ನು ಮುಚ್ಚಿದೆಯೆಂದು ಅಳೆಯುತ್ತ ಬಂದರು. 24 ವರ್ಷಗಳ ಈ ದಾಖಲೆಯ ಪ್ರಕಾರ 1998ರಲ್ಲಿ ಶೇಕಡ 37ರಷ್ಟಿದ್ದ ಸಜೀವ ಹವಳವು 2022ರ ವೇಳೆಗೆ ಶೇಕಡ 20ಕ್ಕೂ ಕೆಳಗೆ ಇಳಿದಿದೆ. ಅಂದರೆ ಸುಮಾರು ಅರ್ಧ ಹೋಗಿದೆ.

ಇದಕ್ಕಿಂತ ವಿಚಾರಾರ್ಹವಾದುದು ಇನ್ನೊಂದು ಅಂಶ. ಬಿಸಿಯ ಲೆಕ್ಕವೊಂದನ್ನೇ ನಂಬಿದ್ದರೆ, ತಾಪವು ಸಲದಿಂದ ಸಲಕ್ಕೆ ಹೆಚ್ಚಾದುದರಿಂದ ಸಾವೂ ಸಲದಿಂದ ಸಲಕ್ಕೆ ಹೆಚ್ಚಿರಬೇಕೆಂದು ಊಹಿಸಬೇಕಾಗಿತ್ತು. ಮುಳುಗಿ ನೋಡಿದವರಿಗೆ ಕಂಡುದು ಬೇರೆ: 1998ಕ್ಕಿಂತ 2010ರಲ್ಲಿ, ಅದಕ್ಕಿಂತ 2016ರಲ್ಲಿ ಸತ್ತ ಹವಳದ ಪ್ರಮಾಣ ಕಡಮೆಯಾಗುತ್ತ ಬಂದಿತು. ದುರ್ಬಲವಾದುವು ಮೊದಲೇ ಅಳಿದು ತಾಳಿಕೆಯುಳ್ಳವು ಉಳಿದುದು ಇದಕ್ಕೆ ಕಾರಣವಿರಬಹುದು. ಹಾಗಾದರೆ ಹವಳ ಅರ್ಧಕ್ಕೆ ಇಳಿದುದೇಕೆ? ಚೇತರಿಕೆಗೆ ಬಿಡುವು ಸಾಲದೆ ಹೋದುದರಿಂದ. ಬಿಳಿಚಿದ ಮೇಲೆ ಸುಮಾರು ಆರು ವರ್ಷ ನೆಮ್ಮದಿಯಿದ್ದರೆ ಮಾತ್ರ ಹವಳವು ಚುರುಕಾಗಿ ಬೆಳೆಯತೊಡಗುತ್ತದೆ. ಅಷ್ಟರೊಳಗೆ ಮತ್ತೊಂದು ತಾಪ ಬಂದೆರಗುತ್ತಿದೆ. ಈ ತಿಳಿವಳಿಕೆಯು ಯಾವ ಉಪಗ್ರಹದ ಚಿತ್ರದಲ್ಲಿಯೂ ಇಲ್ಲ. ಅದು ಒಂದೇ ತಾಣಗಳಿಗೆ ಮರಳಿ ಮರಳಿ ಹೋಗಿ ಬರೆದಿಟ್ಟ ಲೆಕ್ಕದ ಫಲ.

ಬ್ಯಾಂಕಿನ ವ್ಯವಹಾರವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಸರಕಿನ ಆಧಾರದ ಮೇಲೆ ಸಾಲ ಪಡೆದ ವ್ಯಾಪಾರಿಯು ತಿಂಗಳಿಗೊಮ್ಮೆ ದಾಸ್ತಾನಿನ ಪಟ್ಟಿಯನ್ನು ಒಪ್ಪಿಸುತ್ತಾನೆ. ಪಟ್ಟಿಯಿಲ್ಲದೆ ಕೆಲಸ ಸಾಗದು. ನೂರು ಖಾತೆಗಳಲ್ಲಿ ಯಾವುದಕ್ಕೆ ಮೊದಲು ಗಮನ ಕೊಡಬೇಕೆಂಬುದು ಪಟ್ಟಿಯಿಂದಲೇ ತಿಳಿಯುವುದು. ಆದರೆ ಪಟ್ಟಿಯನ್ನು ನಂಬಿ ಗೋದಾಮಿನ ಬಾಗಿಲನ್ನು ತೆರೆಯಿಸದ ಅಧಿಕಾರಿಯು ಒಂದು ದಿನ ಬರಿಯ ಗೋಣಿಗಳನ್ನು ಕಾಣಬೇಕಾಗುತ್ತದೆ. ಉಪಗ್ರಹವು ಸಾಗರಕ್ಕೆಲ್ಲ ಒಂದು ಪಟ್ಟಿ. ಮುಳುಗುಗಾರನು ಗೋದಾಮಿನ ತಪಾಸಣೆ.

ನೇತ್ರಾಣಿ

ಈ ವಿವೇಚನೆಯನ್ನು ನಮ್ಮ ಕರಾವಳಿಗೆ ಅನ್ವಯಿಸಿ ನೋಡೋಣ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ, ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ಸಮುದ್ರದಲ್ಲಿ ನೇತ್ರಾಣಿ ಎಂಬ ಕಲ್ಲಿನ ದ್ವೀಪವಿದೆ. ಪಾರಿವಾಳದ ದ್ವೀಪವೆಂದೂ ಅದಕ್ಕೆ ಹೆಸರುಂಟು. ಅದರ ಸುತ್ತಣ ಬಂಡೆಗಳ ಮೇಲೆ ಹವಳಗಳೂ, ಅವುಗಳ ನಡುವೆ ನಾನಾ ಬಣ್ಣದ ಮೀನುಗಳೂ ಇವೆ. ಕರ್ನಾಟಕದ ಸಮುದ್ರದಲ್ಲಿ ಹವಳವನ್ನು ನೋಡಬಯಸುವವರು ಮೊದಲು ಹೋಗುವ ಸ್ಥಳ ಇದು.

ಆದರೆ ಆಕಾಶದ ಸಾಕ್ಷಿಗೆ ನೇತ್ರಾಣಿ ಬಹು ಚಿಕ್ಕದು. ನೋವಾದ ಬಿಸಿಯ ಲೆಕ್ಕದಲ್ಲಿ ಇಡೀ ದ್ವೀಪವೇ ಒಂದು ಚೌಕದೊಳಗೆ ಮುಳುಗಿಹೋಗುತ್ತದೆ. ಲಕ್ಷದ್ವೀಪದಂತೆ ಇಲ್ಲಿ ವಿಸ್ತಾರವಾದ ಬಿಳಿಯ ತಳವುಳ್ಳ ಕೊಳವಿಲ್ಲ. ಹವಳಗಳು ಕಡಿದಾದ ಬಂಡೆಗಳ ಮೇಲೆ ಅಲ್ಲಲ್ಲಿ ಚದುರಿವೆ. ಮಳೆಗಾಲದಲ್ಲಿ ಮೋಡವೂ ಕದಡಿದ ನೀರೂ ನೋಟವನ್ನು ಮುಚ್ಚುತ್ತವೆ. ಮೇಲೆ ಹೇಳಿದ ಐದು ಮುಖ್ಯ ಪ್ರದೇಶಗಳ ಪಟ್ಟಿಯಲ್ಲಿ ಅದರ ಹೆಸರೂ ಇಲ್ಲ. ನಾಳೆ ಅಲ್ಲಿಯ ಹವಳ ಬಿಳಿಚಿ ಸತ್ತು ಪಾಚಿ ಹಬ್ಬಿದರೆ, ಯಾವ ಉಪಗ್ರಹವೂ ಅದನ್ನು ಹೇಳದು. ಹಿಂದೆ ಎಷ್ಟಿತ್ತೆಂಬ ಲೆಕ್ಕ ಇಲ್ಲದೆ ಹೋದರೆ, ಎಷ್ಟು ಹೋಯಿತೆಂಬುದನ್ನು ಯಾರೂ ಸಿದ್ಧಪಡಿಸಲಾರರು.

ಇದಕ್ಕೆ ಪರಿಹಾರ ಕಷ್ಟಸಾಧ್ಯವಲ್ಲ. ಮಳೆಗಾಲ ಕಳೆದ ಮೇಲೆ ಬೇಸಗೆಯ ವರೆಗೆ ಮುರ್ಡೇಶ್ವರದಿಂದ ದೋಣಿಗಳು ಮುಳುಗುಗಾರರನ್ನೂ ಪ್ರವಾಸಿಗಳನ್ನೂ ನೇತ್ರಾಣಿಗೆ ಕರೆದೊಯ್ಯುತ್ತಲೇ ಇವೆ. ನೋಡುವ ಕಣ್ಣುಗಳಿಗೆ ಕೊರತೆಯಿಲ್ಲ. ಆ ಕಣ್ಣುಗಳು ಗೊತ್ತುಮಾಡಿದ ಕೆಲವು ತಾಣಗಳಲ್ಲಿ, ಗೊತ್ತುಮಾಡಿದ ತಿಂಗಳುಗಳಲ್ಲಿ, ಒಂದೇ ಗೆರೆಯ ಉದ್ದಕ್ಕೂ ಚಿತ್ರ ತೆಗೆದು, ದಿನಾಂಕ, ಆಳ, ಉಷ್ಣತೆಗಳೊಡನೆ ದಾಖಲೆಯಿಡುವಂತಾಗಬೇಕು. ಅದನ್ನು ಕಾಪಾಡುವ ಹೊಣೆಯನ್ನು ಕರಾವಳಿಯ ಒಂದು ಕಾಲೇಜೋ ವಿಶ್ವವಿದ್ಯಾನಿಲಯವೋ ಹೊರಬೇಕು. ಮಾರ್ಚ್ ತಿಂಗಳಿನಿಂದ ಬಿಸಿಯ ಲೆಕ್ಕವನ್ನು ಗಮನಿಸುತ್ತಿದ್ದು, ಡಿಗ್ರಿ-ವಾರಗಳ ಮೊತ್ತ ಏರತೊಡಗಿದೊಡನೆ ತಪಾಸಣೆಯನ್ನು ಹೆಚ್ಚಿಸಬೇಕು. ಪಟ್ಟಿಯೂ ಗೋದಾಮಿನ ಬಾಗಿಲೂ ಕೂಡಿದಾಗಲೇ ಲೆಕ್ಕ ಪೂರ್ಣವಾಗುವುದು.

ಸಮುದ್ರದ ಬಿಸಿಯನ್ನು ಇಳಿಸುವುದು ಒಂದು ತಾಲ್ಲೂಕಿನ ಕೈಯಲ್ಲಿಲ್ಲ, ನಿಜ. ಆದರೆ ಚೇತರಿಕೆಗೆ ಬಿಡುವು ಬೇಕೆಂದು ಕಡಮತ್ತಿನ ದಾಖಲೆ ತಿಳಿಸಿದೆ. ಬಿಳಿಚಿದ ವರ್ಷಗಳಲ್ಲಿ ಲಂಗರಿನ ಹೊಡೆತವನ್ನೂ, ಮುಳುಗುವವರ ಕಾಲ್ತುಳಿತವನ್ನೂ, ಬಲೆಗಳ ಸೆಳೆತವನ್ನೂ ತಡೆದು ಆ ಬಿಡುವನ್ನು ಒದಗಿಸುವುದು ಖಂಡಿತವಾಗಿ ನಮ್ಮ ಕೈಯಲ್ಲಿದೆ. ಯಾವ ವರ್ಷ ಅದನ್ನು ಮಾಡಬೇಕೆಂಬುದು ತಿಳಿಯಬೇಕಾದರೆ ನೀರಿಗೆ ಇಳಿದು ನೋಡಿದವನ ಸಾಕ್ಷ್ಯವು ಉಪಗ್ರಹದ ಸಾಕ್ಷ್ಯದೊಡನೆ ಸೇರಬೇಕು. ನೇತ್ರಾಣಿಯ ದಾಖಲೆಯ ಮೊದಲನೆಯ ಪುಟವನ್ನು ಬರೆಯಲು ತಡವಾದಷ್ಟೂ ಅದರಲ್ಲಿ ಬರೆಯಬೇಕಾದ ಸಂಖ್ಯೆ ಚಿಕ್ಕದಾಗುತ್ತ ಹೋಗಬಹುದೆಂಬುದನ್ನು ನಾವು ಮರೆಯಲಾಗದು.